ಇಬ್ಬರೂ ಬನ್ನಿ

ಅವರು ಒಬ್ಬರೇ ಹೋಗುತ್ತಿರುವಾಗಲೂ ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟು ನಡೆಯುತ್ತಿದ್ದರು. ಫುಟ್‌ಪಾತ್ ಎಷ್ಟೇ ಕಿರಿದಾಗಿರಲಿ, ಜನಸಂದಣಿ ಎಷ್ಟೇ ಇರಲಿ, ಬಲಭುಜವನ್ನು ಗೋಡೆಗೆ ಉಜ್ಜುವಷ್ಟು ಒತ್ತಿಕೊಂಡು, ಎಡಗಡೆ ಸರಿಯಾಗಿ ಒಂದಾಳಿನ ಅಗಲವನ್ನು ಖಾಲಿ ಉಳಿಸಿಕೊಂಡು, ಅವಸರವೂ ಅಲ್ಲದ ಆಲಸ್ಯವೂ ಅಲ್ಲದ ದಣಿದ ಸಮಗತಿಯೊಂದರಲ್ಲಿ ಮಧ್ಯಾಹ್ನದ ಹೊತ್ತು ತೆರಿಗೆ ಕಚೇರಿಯ ಕಡೆಗೆ ಅವರು ಸಾಗುವುದನ್ನು ನನ್ನ ಮುದ್ರಣಾಲಯದ ಕಿಟಕಿಯಿಂದ ನಾನು ವರ್ಷಗಟ್ಟಲೆ ನೋಡಿದ್ದೇನೆ. ಎದುರಿನಿಂದ ಬಂದವರು ಆ ಖಾಲಿ ಜಾಗಕ್ಕೆ ನುಗ್ಗಿದರೆ ಅವರು ಥಟ್ಟನೆ ನಿಂತುಬಿಡುತ್ತಿದ್ದರು. ಬಂದವರು ದಾಟಿ ಹೋದ ಮೇಲೆ ಎಡಕ್ಕೊಮ್ಮೆ ಕಣ್ಣು ಹಾಯಿಸಿ ಮತ್ತೆ ಹೊರಡುತ್ತಿದ್ದರು. ಮೊದಲ ಸಲ ನೋಡಿದಾಗ, ಪಾಪ, ಮನುಷ್ಯನ ತಲೆ ಎಲ್ಲೋ ಸ್ವಲ್ಪ ಕೆಟ್ಟಿರಬೇಕು ಎಂದುಕೊಂಡೆ. ಕಾರಣ ತಿಳಿಯಲು ನಾನೇ ಒಂದು ದಿನ ಅವರ ಕಚೇರಿಯ ಬೆಂಚಿನ ಮೇಲೆ ಹೋಗಿ ಕೂರಬೇಕಾಯಿತು.

ಕನ್ನಡಕದ ಅಂಗಡಿಯ ಮೇಲೆ, ಎರಡನೆಯ ಮಹಡಿಯಲ್ಲಿ, ಒಂದೇ ಕೋಣೆಯ ಕಚೇರಿ ಅದು. ಬಾಗಿಲು ನೆಲಕ್ಕೆ ಕಚ್ಚಿಕೊಳ್ಳುತ್ತಿತ್ತು; ತುಸು ಎತ್ತಿ ತಳ್ಳಿದರಷ್ಟೇ ಕಿರ್ರೆಂದು ಒಳಕ್ಕೆ ಸರಿಯುತ್ತಿತ್ತು. ಒಳಗೆ ಒಂದು ಉದ್ದನೆಯ ಮೇಜು, ಅದರ ಆಚೆಗೊಂದು ಈಚೆಗೊಂದು ಕುರ್ಚಿ, ಗೋಡೆಗೆ ತಾಗಿಸಿದ ಒಂದು ಮರದ ಬೆಂಚು. ಬೆಂಚು ಇಬ್ಬರಿಗೆ ಮಾತ್ರ ಸಾಕಾಗುವಂಥದ್ದು, ಅದೂ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತರೆ. ಆಡಿಟರಾಗಿದ್ದ ಅವರು ಕಿಟಕಿಗೆ ಎಡಭುಜ ಕೊಟ್ಟು ಕೂರುತ್ತಿದ್ದರು. ಬೂದುಬಣ್ಣದ ಒಂದೇ ಕೋಟನ್ನು ಚಳಿಗೂ ಸೆಕೆಗೂ ತೊಡುತ್ತಿದ್ದ ಕಾರಣ ಅದರ ಎಡತೋಳು ಬಿಸಿಲಿಗೆ ಬಿಳಿಚಿಕೊಂಡು, ಬಲಭುಜ ಗೋಡೆಗಳಿಗೆ ಸವೆದು, ಎರಡು ಬೇರೆಬೇರೆ ಕೋಟುಗಳಿಂದ ಅರ್ಧರ್ಧ ತೆಗೆದು ಹೊಲಿದಂತೆ ಕಾಣುತ್ತಿತ್ತು. ಮೇಲಿನ ಜೇಬಿನಲ್ಲಿ ಎರಡು ಪೆನ್ಸಿಲು, ಒಂದು ರಬ್ಬರು. ಪೆನ್ನನ್ನು ಅವರು ಮೇಜಿನ ಖಾನೆಯೊಳಗೆ ಬೀಗ ಹಾಕಿ ಇಡುತ್ತಿದ್ದರು. ಪೆನ್ನು ಹೊರಗೆ ಬಂತೆಂದರೆ ಮಾತು ಮುಗಿಯಿತು ಎಂದು ಅರ್ಥ.

ಅವರ ಬಳಿಗೆ ಬರುತ್ತಿದ್ದವರೆಲ್ಲ ಸಣ್ಣ ವ್ಯಾಪಾರದ ಪಾಲುದಾರರು. ಒಂದೇ ಅಂಗಡಿಯ ಇಬ್ಬರು ದರ್ಜಿಗಳು, ಬೇಕರಿ ನಡೆಸುವ ಅಕ್ಕತಂಗಿಯರು, ಬಣ್ಣದ ಡಬ್ಬಿ ಮಾರುವ ಮಾವ ಅಳಿಯ, ಹಳೆಯ ಗೆಳೆಯರ ಸೈಕಲ್ ರಿಪೇರಿ. ಇವರೆಲ್ಲರೂ ಮಾಡುತ್ತಿದ್ದ ತಪ್ಪು ಒಂದೇ, ಮತ್ತು ಆ ತಪ್ಪನ್ನು ಪಾಲುದಾರರಲ್ಲದವರು ಮಾಡಲು ಸಾಧ್ಯವೇ ಇಲ್ಲ. ತಿಂಗಳ ಕೊನೆಗೆ ಗಲ್ಲಾಪೆಟ್ಟಿಗೆಯಿಂದ ತಾವು ತೆಗೆದುಕೊಂಡ ಹಣದ ಎದುರಿಗೆ ಅವರು ‘ಸಂಬಳ’ ಎಂದು ಬರೆದುಕೊಂಡು ಬರುತ್ತಿದ್ದರು. ಆಡಿಟರು ಆ ಶಬ್ದವನ್ನು ಕಂಡೊಡನೆ ರಬ್ಬರನ್ನು ಹೊರತೆಗೆಯುತ್ತಿದ್ದರು. ಕೆಲವರು ಪೆನ್ನಿನಲ್ಲಿ ಬರೆದಿರುತ್ತಿದ್ದರು; ಆಗಲೂ ಅವರು ರಬ್ಬರನ್ನೇ ಉಜ್ಜುತ್ತಿದ್ದರು, ಕಾಗದ ತೂತಾಗುವವರೆಗೆ.

“ನಿಮಗೆ ನೀವೇ ಆಳಾಗೋಕೆ ಆಗಲ್ಲ” ಎಂದು ದಣಿದ ದನಿಯಲ್ಲಿ ಹೇಳುತ್ತಿದ್ದರು. ಅದೇ ಮಾತನ್ನು ಆ ವಾರ ಹನ್ನೆರಡನೆಯ ಸಲ ಹೇಳುತ್ತಿದ್ದಾರೆಂಬುದು ದನಿಯಲ್ಲೇ ತಿಳಿಯುತ್ತಿತ್ತು. “ಯಜಮಾನನೂ ನೀವೇ, ಆಳೂ ನೀವೇ ಅಂದ್ರೆ ಸಂಬಳ ಕೊಟ್ಟೋರು ಯಾರು? ಈಗ ಹೇಳಿ, ಈ ದುಡ್ಡು ಯಾವುದಕ್ಕೆ?”

‘ಯಾವುದಕ್ಕೆ?’ ಎಂಬುದು ಅವರ ನಾಲಗೆಗೆ ಅಂಟಿಕೊಂಡಿದ್ದ ಶಬ್ದ. ಪಾಲುದಾರನ ಕೈಗೆ ಹಣ ಬರುವುದಕ್ಕೆ ಅವರ ಪ್ರಕಾರ ಮೂರೇ ದಾರಿ. ಮೈಮುರಿದು ದುಡಿದದ್ದಕ್ಕೆ ಪಾವತಿ. ವ್ಯವಹಾರಕ್ಕೆ ಹಾಕಿದ ಬಂಡವಾಳಕ್ಕೆ ಬಡ್ಡಿ. ಎಲ್ಲ ಖರ್ಚು ಕಳೆದು ಉಳಿದದ್ದರಲ್ಲಿ ಪಾಲು. ದುಡಿದದ್ದಕ್ಕೆ ಕೊಟ್ಟದ್ದನ್ನು ವ್ಯವಹಾರದ ಖರ್ಚೆಂದು ತೋರಿಸಿ ತೆರಿಗೆ ಕಡಿಮೆ ಮಾಡಿಕೊಳ್ಳಬಹುದು, ಪಾಲನ್ನು ಹಾಗೆ ತೋರಿಸುವಂತಿಲ್ಲ. ಹಾಗಾಗಿ ಯಾವ ಪಾಲುದಾರನ ಕೈಗೆ ಎಷ್ಟು, ಯಾವ ದಾರಿಯಿಂದ ಹೋಯಿತೆಂಬುದನ್ನು ತೆರಿಗೆ ಕಚೇರಿಗೆ ಒಬ್ಬೊಬ್ಬರಿಗೂ ಒಂದೊಂದು ಹಾಳೆಯಂತೆ ಬರೆದು ಕೊಡಬೇಕು. ನಾವೆಲ್ಲ ಇದನ್ನು ತಲೆನೋವು ಎಂದುಕೊಂಡಿದ್ದೆವು. ಅವರಿಗೆ ಮಾತ್ರ ಇದು ಮನುಷ್ಯ ಮನುಷ್ಯನಿಗೆ ಉತ್ತರ ಹೇಳಬೇಕಾದ ವಿಷಯವಾಗಿತ್ತು.

ಅದಕ್ಕೇ ಅವರ ಹಠ. ಪಾಲುದಾರರಲ್ಲಿ ಒಬ್ಬರೇ ಬಂದರೆ ಅವರು ಕಾಗದ ಮುಟ್ಟುತ್ತಿರಲಿಲ್ಲ. ಫೋನು ಮಾಡಿ ಏನು ತರಬೇಕೆಂದು ಕೇಳಿದರೆ ರಸೀದಿ, ಪಾಸ್‌ಬುಕ್ಕು ಎಂದೆಲ್ಲ ಹೇಳುವ ಮೊದಲು “ಇಬ್ರೂ ಬನ್ನಿ” ಎನ್ನುತ್ತಿದ್ದರು. ಇಬ್ಬರೂ ಬಂದು ಆ ಇಕ್ಕಟ್ಟಿನ ಬೆಂಚಿನ ಮೇಲೆ ಕೂತ ಮೇಲೆ, ಇವನು ಈ ವರ್ಷ ತೆಗೆದುಕೊಂಡದ್ದೇನು, ಯಾವುದಕ್ಕೆ, ಅವನು ತೆಗೆದುಕೊಂಡದ್ದೇನು, ಯಾವುದಕ್ಕೆ ಎಂಬುದನ್ನು ಸಾಲುಸಾಲಾಗಿ ಗಟ್ಟಿಯಾಗಿ ಓದುತ್ತಿದ್ದರು. ಕಾನೂನಿನಲ್ಲಿ ಎಲ್ಲಿಯೂ ಈ ಓದಿನ ಮಾತಿಲ್ಲ. ಒಬ್ಬರ ಸಹಿ ಸಾಕು. ಗಿರಾಕಿಗಳು ಗೊಣಗುತ್ತಿದ್ದರು, ಕೆಲವರು ಬೇರೆ ಆಡಿಟರನ್ನು ನೋಡಿಕೊಂಡರು. ಉಳಿದವರು ಬೆನ್ನ ಹಿಂದೆ ಅವರನ್ನು ‘ಇಬ್ರೂಬನ್ನಿ’ ಎಂದೇ ಕರೆಯುತ್ತ ವರ್ಷಕ್ಕೊಮ್ಮೆ ಮಹಡಿ ಹತ್ತುತ್ತಿದ್ದರು.

ನಾನು ಹಾಗೆ ಹತ್ತಿದ್ದು ನನ್ನ ಭಾವನ ಜೊತೆಗೆ. ಅಕ್ಕನ ಗಂಡನೂ ನಾನೂ ಸೇರಿ ಬಿಲ್ ಪುಸ್ತಕ, ಲೆಟರ್‌ಹೆಡ್ಡು, ಮದುವೆ ಕಾಗದ ಅಚ್ಚು ಹಾಕುತ್ತಿದ್ದೆವು. ನಡುನಡುವೆ ನಾನು ಬರೆದ ಪುಸ್ತಕವನ್ನೂ ಅಚ್ಚು ಹಾಕಿ ನಷ್ಟ ಮಾಡುತ್ತಿದ್ದೆವು. ಭಾವ ಮಾತು ಕಡಿಮೆ. ಯಂತ್ರ ನಿಂತಾಗ ಮಾತ್ರ ಅದರ ಜೊತೆ ಏನೋ ಮಾತನಾಡುತ್ತಿದ್ದರು. ಆ ಮೊದಲ ವರ್ಷ ಆಡಿಟರು ನಮ್ಮ ‘ಸಂಬಳ’ಗಳನ್ನೆಲ್ಲ ಉಜ್ಜಿ ಹಾಕಿ, ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಓದಲು ತೊಡಗಿದರು. ನನ್ನ ಹಾಳೆಯಲ್ಲಿ ದುಡಿಮೆಯ ಪಾವತಿ ಹನ್ನೆರಡು ತಿಂಗಳು. ಭಾವನ ಹಾಳೆಯಲ್ಲಿ ಹತ್ತು.

“ಎರಡು ತಿಂಗಳು ಎಲ್ಲಿ ಹೋಯ್ತು?” ಎಂದು ಆಡಿಟರು ಕೇಳಿದರು.

ಭಾವ ತಮ್ಮ ಉಗುರಿನೊಳಗಿನ ಶಾಯಿಯನ್ನು ನೋಡಿಕೊಳ್ಳುತ್ತ ಕೂತರು. “ತಗೊಂಡಿಲ್ಲ.”

“ಯಾಕೆ?”

“ಕೆಲ್ಸ ಇರಲಿಲ್ಲ. ಕಾಗದದವನಿಗೆ ಕೊಡೋದಿತ್ತು.”

ಆ ಎರಡೂ ತಿಂಗಳು ನಾನು ತೆಗೆದುಕೊಂಡಿದ್ದೆ. ಒಂದೇ ಗಲ್ಲಾಪೆಟ್ಟಿಗೆ, ಒಂದೇ ಕೋಣೆ, ಊಟಕ್ಕೆ ಒಂದೇ ಮೇಜು. ಆದರೂ ನನಗೆ ಗೊತ್ತಿರಲಿಲ್ಲ, ಅಕ್ಕನಿಗೂ ಅವರು ಹೇಳಿರಲಿಲ್ಲ. ನನ್ನ ಕಿವಿ ಬಿಸಿಯಾಯಿತು. ನಾಚಿಕೆಯೆಂದರೆ ಏನೆಂದು ಅದುವರೆಗೆ ನಾನು ಬರಹದಲ್ಲಿ ಹತ್ತಾರು ಸಲ ವರ್ಣಿಸಿದ್ದೆ. ಅದು ಪಕ್ಕದವನ ಮೊಣಕೈ ನಮ್ಮ ಮೊಣಕೈಗೆ ತಾಗಿಕೊಂಡಿರುವಾಗ ಸರಿದು ಕೂರಲು ಜಾಗವಿಲ್ಲದಿರುವುದು ಎಂದು ಆ ದಿನ ತಿಳಿಯಿತು. ಆಡಿಟರು ಇನ್ನೊಂದು ಮಾತೂ ಆಡದೆ ಬೀಗ ತೆಗೆದು ಪೆನ್ನನ್ನು ಹೊರತೆಗೆದರು. ಮುಂದಿನ ವರ್ಷದಿಂದ ಭಾವನ ಪಾವತಿ ಬಿಟ್ಟು ಹೋಗದಂತೆ ನಾನೇ ಲೆಕ್ಕ ಬರೆಯತೊಡಗಿದೆ.

ಅವರ ಇನ್ನೊಂದು ಹಠ ‘ದುಡಿಯುವ ಪಾಲುದಾರ’ರನ್ನು ಕುರಿತದ್ದು. ಹಾಳೆಯಲ್ಲಿ ಒಂದು ಪ್ರಶ್ನೆ ಇತ್ತು: ಈ ಪಾಲುದಾರರು ವರ್ಷದಲ್ಲಿ ಖುದ್ದಾಗಿ ವ್ಯವಹಾರದ ಕೆಲಸ ಮಾಡಿದ್ದಾರೆಯೇ? ಹೌದು ಅಥವಾ ಇಲ್ಲ. ಎಲ್ಲರೂ ಕಣ್ಣುಮುಚ್ಚಿ ‘ಹೌದು’ ಎಂದು ಬರೆದುಬಿಡುವ ಪ್ರಶ್ನೆ. ಬಣ್ಣದ ಅಂಗಡಿಯ ಅಳಿಯ ಒಮ್ಮೆ ತನ್ನ ಹೆಂಡತಿಯನ್ನೂ ಪಾಲುದಾರಳನ್ನಾಗಿ ಸೇರಿಸಿ, ಆಕೆಯ ಹೆಸರಿನಲ್ಲಿ ದೊಡ್ಡದೊಂದು ಪಾವತಿಯನ್ನು ಖರ್ಚು ಹಾಕಿಕೊಂಡು ಬಂದಿದ್ದ. ಆಡಿಟರು ಆ ಹೆಣ್ಣುಮಗಳನ್ನೂ ಕರೆಸಿದರು. ಬಿಲ್ ಪುಸ್ತಕ ತಲುಪಿಸಲು ಹೋಗಿದ್ದ ನಾನು ಬಾಗಿಲ ಬಳಿ ನಿಂತಿದ್ದೆ.

“ಅಮ್ಮ, ನಿಮ್ಮ ಅಂಗಡಿ ಬಾಗಿಲು ಒಳಕ್ಕೆ ತೆರೆಯುತ್ತೋ ಹೊರಕ್ಕೋ?”

ಆಕೆ ಗಂಡನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು, ಯೋಚಿಸಿ ಯೋಚಿಸಿ “ಒಳಕ್ಕೆ” ಎಂದಳು. ಅಂಗಡಿಗೆ ಇದ್ದದ್ದು ಷಟರು. ಅದು ಮೇಲಕ್ಕೆ ಹೋಗುತ್ತಿತ್ತು. ಮಾವ ಅಳಿಯ ಇಬ್ಬರೂ ನೆಲ ನೋಡುತ್ತ ಕೂತರು. ಕೊನೆಗೆ ಆಕೆಯೇ ಮೊದಲು ನಕ್ಕಳು. ಆಡಿಟರು ನಗಲಿಲ್ಲ. ‘ಇಲ್ಲ’ ಎಂದು ಪೆನ್ಸಿಲಿನಲ್ಲಿ ಬರೆದು, ಪಾವತಿಯನ್ನು ಪಾಲಿನ ಸಾಲಿಗೆ ಸರಿಸಿ, ಸುಸ್ತಾದವರಂತೆ ಕಣ್ಣು ಉಜ್ಜಿಕೊಂಡರು. ಜನರನ್ನು ಸುಳ್ಳಿನಲ್ಲಿ ಹಿಡಿಯುವುದು ಅವರಿಗೆ ಸಂತೋಷದ ಕೆಲಸವಾಗಿರಲಿಲ್ಲ. ಅದು ಅವರನ್ನು ದಣಿಸುತ್ತಿತ್ತು, ಅಷ್ಟೆ.

ಇನ್ನು ಮೇಜಿನ ಈಚೆಯ ಕುರ್ಚಿಯ ವಿಷಯಕ್ಕೆ ಬರಬೇಕು. ಆ ಕಚೇರಿಯೂ ಒಂದು ಪಾಲುದಾರಿಕೆಯೇ. ನಾನು ಈಗ ಹೇಳಲಿರುವ ವರ್ಷಕ್ಕೆ ಮೂವತ್ತೊಂದು ವರ್ಷ ಹಿಂದೆ, ಒಂದೇ ಕಂಪನಿಯಲ್ಲಿ ಗುಮಾಸ್ತರಾಗಿದ್ದ ಇಬ್ಬರು ಗೆಳೆಯರು ಕೆಲಸ ಬಿಟ್ಟು ಅದನ್ನು ತೆರೆದರು. ಜೊತೆಗಾರರು ಆಡಿಟರಿಗಿಂತ ಎರಡು ವರ್ಷ ದೊಡ್ಡವರು, ದಪ್ಪ ಆಳು, ಮಾತಿನ ಮಲ್ಲ. ಗಿರಾಕಿಗಳನ್ನು ಕರೆತರುವುದು, ಕುಶಲ ವಿಚಾರಿಸುವುದು, ಬಾಕಿ ಹಣವನ್ನು ನಗುನಗುತ್ತ ವಸೂಲು ಮಾಡುವುದು ಅವರ ಪಾಲು. ಕೂತು ಬರೆಯುವುದು ಇವರ ಪಾಲು. ಬಾಯಿ ಅವರದು, ಕೈ ಇವರದು ಎಂದು ಬೀದಿಯವರು ಹೇಳುತ್ತಿದ್ದರು. ಬೆಳಿಗ್ಗೆ ಬಸ್ ನಿಲ್ದಾಣದಿಂದ ಇಬ್ಬರೂ ಒಟ್ಟಿಗೆ ನಡೆದು ಬರುತ್ತಿದ್ದರು, ಸಂಜೆ ಒಟ್ಟಿಗೆ ಹೋಗುತ್ತಿದ್ದರು. ಜೊತೆಗಾರರು ಯಾವಾಗಲೂ ಎಡಗಡೆ, ಕೈ ಬೀಸಿ ಮಾತನಾಡುತ್ತ, ಆಡಿಟರನ್ನು ಗೋಡೆಗೆ ಒತ್ತರಿಸುತ್ತ. ಫುಟ್‌ಪಾತಿನ ಆ ಖಾಲಿ ಜಾಗ ಯಾರದೆಂದು, ಕೋಟಿನ ಬಲಭುಜ ಏಕೆ ಸವೆದಿದೆಯೆಂದು ಆಗ ನನಗೆ ಅರ್ಥವಾಯಿತು.

ಒಂದು ವರ್ಷದ ಕೊನೆಯಲ್ಲಿ ಜೊತೆಗಾರರಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಬಲಗಾಲು ಎಳೆಯತೊಡಗಿತು, ಮಾತು ತೊದಲಿ ಮೆಲ್ಲಗಾಯಿತು. ಬುದ್ಧಿಗೆ ಏನೂ ಆಗಿರಲಿಲ್ಲ. ಆದರೆ ಅಂಕಿ ಕೂಡಿಸಲು ಹೋದರೆ ನಡುವೆ ದಾರಿ ತಪ್ಪುತ್ತಿತ್ತು. ಮೂರು ತಿಂಗಳು ಹಾಸಿಗೆಯಲ್ಲಿದ್ದು, ನಾಲ್ಕನೆಯ ತಿಂಗಳು ಅವರು ಮತ್ತೆ ಕಚೇರಿಗೆ ಬಂದರು. ಎರಡು ಮಹಡಿ ಹತ್ತಲು ಅರ್ಧ ಗಂಟೆ. ಎಡಗೈ ಮೆಟ್ಟಿಲ ಕಂಬಿಯ ಮೇಲೆ, ಬಲಗೈಯನ್ನು ಆಡಿಟರು ಹಿಡಿದುಕೊಂಡು. ಅಂದಿನಿಂದ ದಿನವೂ ಹತ್ತೂವರೆಗೆ ಸರಿಯಾಗಿ ಬಂದು, ಇಸ್ತ್ರಿ ಮಾಡಿದ ಷರ್ಟಿನಲ್ಲಿ ಕುರ್ಚಿಯ ಮೇಲೆ ಕೂತು, ಪೇಪರು ಮಗುಚುತ್ತ, ಬಂದವರಿಗೆ ತಲೆಯಾಡಿಸುತ್ತ, ಸಂಜೆ ಐದಕ್ಕೆ ಏಳುತ್ತಿದ್ದರು. ಕೆಲಸವೆಂದು ಅವರು ಮುಟ್ಟಿದ್ದು ಒಂದೂ ಇಲ್ಲ. ತಿಂಗಳ ಕೊನೆಯಲ್ಲಿ ಆಡಿಟರು ಎಂದಿನಂತೆ ಅವರ ಜೇಬಿಗೆ ಲಕೋಟೆ ಇಡುತ್ತಿದ್ದರು.

ಹಾಗೆ ಒಂದು ಪೂರ್ತಿ ವರ್ಷ ಕಳೆಯಿತು. ರಿಟರ್ನು ತುಂಬುವ ಕಾಲ ಬಂತು. ಎಲ್ಲರ ಹಾಳೆಗಳೂ ಹೋದವು. ಅವರ ಸ್ವಂತ ಕಚೇರಿಯ ಎರಡು ಹಾಳೆಗಳು ಮಾತ್ರ ಮೇಜಿನ ಮೇಲೆ, ಗಾಜಿನ ಪೇಪರ್‌ವೇಟಿನ ಕೆಳಗೆ ಬಿದ್ದೇ ಇದ್ದವು.

ಕೊನೆಯ ದಿನಾಂಕಕ್ಕೆ ಒಂದು ವಾರವಿದ್ದಾಗ ಜೊತೆಗಾರರ ಹೆಂಡತಿ ಬಂದರು. ಜೊತೆಗಾರರು ಅಂದು ವೈದ್ಯರಲ್ಲಿಗೆ ಹೋಗಿದ್ದರು; ಅದನ್ನು ನೋಡಿಕೊಂಡೇ ಆಕೆ ಬಂದಿದ್ದರು. ಬಿಲ್ ಪುಸ್ತಕ ಕೊಡಲು ಬಂದು ಬೆಂಚಿನ ಮೇಲೆ ಕೂತಿದ್ದ ನಾನು ಏಳಹೋದೆ. ಆಡಿಟರು ಕೈಯಿಂದಲೇ ಕೂರಿಸಿದರು. ಒಬ್ಬರೇ ಇದ್ದು ಆ ಮಾತು ಕೇಳಲು ಅವರಿಗೆ ಧೈರ್ಯವಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

“ನಿಮ್ಮ ಪ್ರಶ್ನೆ ನನಗೂ ಗೊತ್ತು” ಎಂದರು ಆಕೆ. “ಮೂವತ್ತು ವರ್ಷದಿಂದ ಮನೇಲಿ ಕೇಳಿದ್ದೀನಿ. ದುಡಿದಿದ್ದಾರೋ ಇಲ್ವೋ ಅಂತ. ಹೌದು ಅಂತ ಬರೀರಿ. ಒಂದು ಪದ ತಾನೆ.”

“ಅತ್ತಿಗೆ, ದುಡ್ಡಿನ ವಿಷಯಕ್ಕೆ ನೀವು ಯೋಚನೆ ಮಾಡ್ಬೇಡಿ. ಬರೋದು ಬಂದೇ ಬರುತ್ತೆ.”

“ದುಡ್ಡಿನ ಮಾತಲ್ಲ. ಬೆಳಿಗ್ಗೆ ಎದ್ದು ಒಂದೇ ಕೈಯಲ್ಲಿ ಗುಂಡಿ ಹಾಕ್ಕೊಳ್ಳೋಕೆ ಮುಕ್ಕಾಲು ಗಂಟೆ ಒದ್ದಾಡ್ತಾರೆ, ನನ್ನನ್ನ ಮುಟ್ಟೋಕೆ ಬಿಡಲ್ಲ. ಕೆಲಸಕ್ಕೆ ಹೊತ್ತಾಯ್ತು ಅಂತಾರೆ. ನೀವು ಇಲ್ಲ ಅಂತ ಬರೆದು, ಅದನ್ನ ಅವರ ಮುಂದೆ ಗಟ್ಟಿಯಾಗಿ ಓದಿದ್ರೆ, ಮಾರನೇ ದಿನ ಅವರು ಹಾಸಿಗೆಯಿಂದ ಏಳಲ್ಲ. ಅಷ್ಟೇ ನಾನು ಹೇಳೋದು.”

ಆಡಿಟರು ಪೆನ್ಸಿಲನ್ನು ಮೇಜಿನ ಮೇಲೆ ಉರುಳಿಸುತ್ತ ಕೂತಿದ್ದರು. ಆಕೆ ಹೋದ ಮೇಲೆ ಬಹಳ ಹೊತ್ತು ಉರುಳಿಸಿದರು. ಬಾಗಿಲು ಆಕೆಯ ಹಿಂದೆ ಅರ್ಧ ಮಾತ್ರ ಮುಚ್ಚಿಕೊಂಡಿತ್ತು.

“ನೀವಾಗಿದ್ರೆ ಏನು ಬರೀತಿದ್ರಿ?” ಎಂದು ನನ್ನನ್ನು ಕೇಳಿದರು.

“ಹೌದು ಅಂತ ಬರೀತಿದ್ದೆ. ಯಾರಿಗೆ ನಷ್ಟ?”

“ಅದಕ್ಕೇ ನೀವು ಪುಸ್ತಕ ಬರೆಯೋದು” ಎಂದರು. ಅಷ್ಟು ದುಗುಡದಲ್ಲಿಯೂ ಅವರ ತುಟಿಯ ಅಂಚು ಸ್ವಲ್ಪ ಸರಿಯಿತು. ಆಮೇಲೆ ಕಿಟಕಿಯ ಕಡೆ ತಿರುಗಿ, “ಬಣ್ಣದ ಅಂಗಡಿ ಹುಡುಗಿಗೆ ನಾನು ಇಲ್ಲ ಅಂತ ಬರೆದಿದ್ದೀನಲ್ಲ. ಅವಳು ನನ್ನ ಗೆಳೆಯ ಅಲ್ಲ ಅಂತಲಾ ಬರೆದಿದ್ದು?” ಎಂದರು. ಸುಳ್ಳು ಹೇಳುವುದು ಇಷ್ಟು ಸುಲಭವೂ ಇಷ್ಟು ಸಭ್ಯವೂ ಆಗಿದ್ದಾಗ ಒಬ್ಬ ಮನುಷ್ಯ ಹೀಗೆ ಒದ್ದಾಡುವುದನ್ನು ನೋಡಿ ನನಗೆ, ನಿಜ ಹೇಳುತ್ತೇನೆ, ಸಿಟ್ಟು ಬಂತು.

ಕೊನೆಯ ದಿನಾಂಕದ ಹಿಂದಿನ ದಿನ ಅವರು ನನ್ನನ್ನು ಕರೆಸಿದರು. ಒಬ್ಬರ ಸಹಿ ಸಾಕಿದ್ದರೂ ಅವರಿಗೆ ಇಬ್ಬರದೂ ಬೇಕಿತ್ತು; ಜೊತೆಗಾರರ ಎಡಗೈ ಸಹಿ ಹಳೆಯ ಸಹಿಗೆ ಹೊಂದುವುದಿಲ್ಲವಾದ್ದರಿಂದ ಸಾಕ್ಷಿಯೊಬ್ಬರು ಬೇಕು. ನಾನು ಹೋದಾಗ ಜೊತೆಗಾರರು ತಮ್ಮ ಕುರ್ಚಿಯಲ್ಲಿ ಇರಲಿಲ್ಲ. ಗಿರಾಕಿಗಳ ಬೆಂಚಿನ ಮೇಲೆ ಕೂತಿದ್ದರು. ಆಡಿಟರು ಎದ್ದು ಬಂದು ಅವರ ಪಕ್ಕದಲ್ಲಿ, ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತು ಹಾಳೆಗಳನ್ನು ಮಡಿಲ ಮೇಲೆ ಹರಡಿಕೊಂಡರು. ಅಷ್ಟು ವರ್ಷಗಳಲ್ಲಿ ಅವರು ಆ ಬೆಂಚಿನ ಮೇಲೆ ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮೊದಲು ತಮ್ಮ ಹಾಳೆಯನ್ನು ಓದಿದರು. ದುಡಿದಿದ್ದಾರೆಯೇ, ಹೌದು. ದುಡಿಮೆಗೆ ಪಾವತಿ, ಸೊನ್ನೆ. ಲಾಭದ ಪಾಲು, ಅರ್ಧ. ಎರಡನೆಯ ಹಾಳೆ ತೆಗೆದರು. ಎಲ್ಲರದನ್ನೂ ಓದುವ ದನಿಯಲ್ಲೇ ಓದಿದರು. ದುಡಿದಿದ್ದಾರೆಯೇ, ಇಲ್ಲ. ದುಡಿಮೆಗೆ ಪಾವತಿ, ಸೊನ್ನೆ. ಲಾಭದ ಪಾಲು, ಅರ್ಧ.

ಜೊತೆಗಾರರ ಎಡಗೈ ಷರ್ಟಿನ ಮೇಲಿನ ಗುಂಡಿಯನ್ನು ಹುಡುಕಿ ಹಿಡಿದುಕೊಂಡಿತ್ತು. ಆಮೇಲೆ ಒಂದೊಂದೇ ಶಬ್ದವನ್ನು ತಳ್ಳಿ ಹೊರಗೆ ಹಾಕುತ್ತ ಕೇಳಿದರು. “ತಿಂಗಳು ತಿಂಗಳು ಲಕೋಟೆ ಕೊಡ್ತಿದ್ದೆಯಲ್ಲ. ಅದು ಯಾವುದಕ್ಕೆ?”

“ಪಾಲಿಗೆ. ಮುಂಗಡವಾಗಿ.”

“ನಾನು ಕೆಲಸಕ್ಕೆ ಅಂದ್ಕೊಂಡಿದ್ದೆ.”

“ಗೊತ್ತು.”

“ಬಾಗಿಲು ಒಳಕ್ಕೆ ತೆರೆಯುತ್ತೆ” ಎಂದರು ಜೊತೆಗಾರರು. “ಎತ್ತಿ ತಳ್ಳಬೇಕು. ನನ್ನನ್ನೂ ಕೇಳು.”

“ಕೇಳಲ್ಲ. ನಿನಗೆ ಗೊತ್ತಿರೋದು ನನಗೆ ಗೊತ್ತು.” ಆಡಿಟರು ಹಾಳೆಯಿಂದ ಕಣ್ಣೆತ್ತಲಿಲ್ಲ. “ಈ ವರ್ಷ ನೀನು ಒಂದು ಕಾಗದ ಬರೆದಿದ್ದು ತೋರಿಸು, ಈಗಲೇ ಅಳಿಸ್ತೀನಿ. ರಬ್ಬರ್ ಇಲ್ಲೇ ಇದೆ.”

ಕ್ರೂರವಾದ ಮಾತು. ಆ ಕ್ಷಣದಲ್ಲಿ ನಾನು ಅವರನ್ನು ದ್ವೇಷಿಸಿದೆ. ಆದರೆ ರಬ್ಬರು ನಿಜವಾಗಿಯೂ ಅವರ ಅಂಗೈಯಲ್ಲಿತ್ತು. ಯಾವುದಾದರೂ ಒಂದು ಚೂರು ಕಾಗದ, ಒಂದು ಟಿಕ್ ಗುರುತು ಸಿಕ್ಕಿದ್ದರೆ ಅವರು ಹಾಳೆ ತೂತಾಗುವಂತೆ ಉಜ್ಜಿರುತ್ತಿದ್ದರು.

ಜೊತೆಗಾರರು ನಿಟ್ಟುಸಿರು ಬಿಟ್ಟರು. “ನಾನೇ ಹೇಳಿ ಬರೆಸಿದ್ದು. ಪಾಲುದಾರಿಕೆ ಪತ್ರದಲ್ಲಿ. ವರ್ಷವಿಡೀ ದುಡಿಯದವನಿಗೆ ಆ ಪಾವತಿ ಇಲ್ಲ ಅಂತ. ನೀನು ಸೋಮಾರಿ ಅಂತ ಅಂದ್ಕೊಂಡು ಬರೆಸಿದ್ದೆ.” ಅರ್ಧ ಮುಖ ಮಾತ್ರ ನಕ್ಕಿತು. ಆಮೇಲೆ ಎಡಗೈ ಬೆರಳನ್ನು ಮೊದಲ ಹಾಳೆಯ ಮೇಲೆ ಇಟ್ಟರು. “ನನ್ನದು ಸರಿ. ನಿನ್ನದು ಯಾಕೆ ಸೊನ್ನೆ? ನೀನು ದುಡಿದಿದ್ದೀಯ.”

“ದುಡಿದಿದ್ದೀನಿ, ಹೌದು ಅಂತ ಬರೆದಿದೆ ನೋಡು. ಪಾವತಿ ತಗೊಂಡಿಲ್ಲ. ಅದಕ್ಕೆ ಸೊನ್ನೆ.”

“ಯಾವಾಗಿಂದ?”

“ವರ್ಷದ ಮೊದಲನೇ ತಿಂಗಳಿಂದ.”

ನನಗೆ ಆಗ ತಿಳಿಯಿತು. ಮೊದಲಾದರೆ ಇಬ್ಬರೂ ದುಡಿಮೆಗೆ ಸಮನಾಗಿ ತೆಗೆದುಕೊಂಡು, ಉಳಿದದ್ದನ್ನು ಅರ್ಧರ್ಧ ಹಂಚಿಕೊಳ್ಳುತ್ತಿದ್ದರು. ಈ ವರ್ಷ ಪೂರ್ತಿ ದುಡಿದವರು ಒಬ್ಬರೇ. ಅವರು ತಮ್ಮ ದುಡಿಮೆಯ ಪಾವತಿಯನ್ನು ಮುಟ್ಟದೆ ಬಿಟ್ಟದ್ದರಿಂದ ಅದೂ ಲಾಭಕ್ಕೇ ಸೇರಿ, ಸರಿಯಾಗಿ ಎರಡು ಪಾಲಾಗಿ, ಜೊತೆಗಾರರ ಮನೆಗೆ ಹಿಂದಿನಷ್ಟೇ ಹಣ ಹೋಗುವಂತಾಗಿತ್ತು. ಖರ್ಚು ತೋರಿಸಲು ಏನೂ ಉಳಿಯದ್ದರಿಂದ ಕಚೇರಿಗೆ ತೆರಿಗೆ ಹೆಚ್ಚು ಬಿದ್ದಿತ್ತು. ಅದನ್ನು ಇವರು ತಮ್ಮ ಪಾಲಿನಿಂದಲೇ ಒಂದು ಮಾತಿಲ್ಲದೆ ಕಟ್ಟಲು ತಯಾರಾಗಿದ್ದರು. ಸುಳ್ಳೊಂದನ್ನು ಬರೆದಿದ್ದರೆ ಇದಾವುದೂ ಬೇಕಿರಲಿಲ್ಲ. ಸತ್ಯ ಬರೆಯುವುದಕ್ಕಾಗಿ ಅವರು ಹನ್ನೆರಡು ತಿಂಗಳ ಮೊದಲೇ ತಯಾರಿ ಮಾಡಿಕೊಂಡಿದ್ದರು, ಅದೂ ಆ ಸತ್ಯ ಯಾರ ಎದುರಿಗೆ ಹೇಳಬೇಕಾಗುತ್ತದೆಂದು ತಿಳಿದೂ.

ಜೊತೆಗಾರರಿಗೆ ಅಷ್ಟು ಲೆಕ್ಕ ಹಿಡಿಯಿತೋ ಇಲ್ಲವೋ ಕಾಣೆ. ಅವರು ಎರಡು ಸೊನ್ನೆಗಳನ್ನು ಬೆರಳಿನಿಂದ ಒಂದಾದ ಮೇಲೊಂದು ಮುಟ್ಟಿದರು. ಆಮೇಲೆ ಪೆನ್ನಿಗೆ ಕೈ ಚಾಚಿದರು. ಎಡಗೈಯಲ್ಲಿ ಸಹಿ ಮುಗಿಯಲು ಒಂದು ನಿಮಿಷವೇ ಹಿಡಿಯಿತು. ಆಡಿಟರು ಹಾಳೆ ಜಾರದಂತೆ ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದರು. ಅದರ ಕೆಳಗೆ ನಾನು ಸಾಕ್ಷಿ ಹಾಕಿದೆ. ಆ ಸಂಜೆ ಜೊತೆಗಾರರ ಹೆಂಡತಿ ಗಾಡಿ ತರಿಸಿ ಗಂಡನನ್ನು ಕರೆದುಕೊಂಡು ಹೋದರು. ಆಕೆ ಆಡಿಟರ ಮುಖ ನೋಡಲಿಲ್ಲ.

ಮರುದಿನ ನಾನು ಬೇಕೆಂದೇ, ಅವಸರವಿಲ್ಲದ ಬಿಲ್ ಪುಸ್ತಕಗಳ ಕಟ್ಟೊಂದನ್ನು ಎತ್ತಿಕೊಂಡು ಹತ್ತೂಕಾಲಿಗೇ ಅಲ್ಲಿಗೆ ಹೋದೆ. ಆಡಿಟರು ಒಬ್ಬರೇ ನಡೆದು ಬಂದಿದ್ದರು; ಕೋಟಿನ ಬಲಭುಜಕ್ಕೆ ಸುಣ್ಣ ಹತ್ತಿತ್ತು. ಮೇಜಿನ ಈಚೆಯ ಕುರ್ಚಿಯನ್ನು ಅವರೇ ಒರೆಸಿ ಇಟ್ಟಿದ್ದರು, ಪೇಪರನ್ನು ಅದರ ಎದುರಿಗೆ ಮಡಿಸಿಟ್ಟಿದ್ದರು. ಹತ್ತೂವರೆಯಾಯಿತು. ಹನ್ನೊಂದಾಯಿತು. ಅವರು ಒಂದೇ ಸಾಲನ್ನು ಕೂಡಿಸುವುದು, ಉಜ್ಜುವುದು, ಮತ್ತೆ ಕೂಡಿಸುವುದು ಮಾಡುತ್ತಿದ್ದರು. ಕೆಳಗೆ ಗಾಡಿಯ ಸದ್ದಾದಾಗಲೆಲ್ಲ ಪೆನ್ಸಿಲು ನಿಲ್ಲುತ್ತಿತ್ತು. ಹೋಗೋಣವೆಂದರೆ ನನಗೆ ಏಳಲಾಗಲಿಲ್ಲ, ಇರೋಣವೆಂದರೆ ಅವರ ಮುಖ ನೋಡಲಾಗಲಿಲ್ಲ. ನೀವು ಮಾಡಿದ್ದು ತಪ್ಪು ಎಂದು ಹೇಳಿಬಿಡಬೇಕೆಂಬ ಮಾತು ನಾಲಗೆಯ ತುದಿಯವರೆಗೆ ಬಂದಿತ್ತು.

ಹನ್ನೊಂದೂ ಇಪ್ಪತ್ತಕ್ಕೆ ಮೆಟ್ಟಿಲ ಮೇಲೆ ಕಾಲೆಳೆಯುವ ಸದ್ದು ಕೇಳಿಸಿತು. ಅದು ಮೇಲೆ ಬರಲು ಅರ್ಧ ಗಂಟೆ ಹಿಡಿಯುತ್ತದೆಂದು ಗೊತ್ತಿದ್ದೂ ಆಡಿಟರು ಏಳಲಿಲ್ಲ. ಎದ್ದು ಹೋಗಿ ಕೈ ಹಿಡಿಯುವ ಹಕ್ಕು ಇನ್ನೂ ತಮಗಿದೆಯೋ ಇಲ್ಲವೋ ಎಂಬ ಅನುಮಾನ ಅವರಿಗೆ ಇದ್ದಿರಬೇಕು. ಕೊನೆಗೆ ಬಾಗಿಲು ತುಸು ಮೇಲೆದ್ದು, ಕಿರ್ರೆಂದು ಒಳಕ್ಕೆ ಸರಿಯಿತು. ಇಸ್ತ್ರಿ ಮಾಡಿದ ಷರ್ಟು. ಮೇಲಿನ ಗುಂಡಿ ಮಾತ್ರ ತಪ್ಪು ಕಾಜಾದಲ್ಲಿತ್ತು. ಜೊತೆಗಾರರು ಏದುಸಿರು ಬಿಡುತ್ತ ಬಂದು ಕುರ್ಚಿಯ ಬೆನ್ನು ಹಿಡಿದು ನಿಂತರು.

“ಲೇಟಾಯ್ತು” ಎಂದರು ಆಡಿಟರು. ದನಿ ಅವರ ಹಿಡಿತದಲ್ಲಿರಲಿಲ್ಲ.

“ಇಲ್ಲ ಅಂತ ಬರೆದಿದ್ದೀಯಲ್ಲ. ಕೆಲಸಕ್ಕೆ ಬರೋನಾದ್ರೆ ಹತ್ತೂವರೆಗೆ ಬರಬೇಕು.” ಅವರು ಉಸಿರು ತೆಗೆದುಕೊಂಡರು. “ನಾನು ಸುಮ್ಮನೆ ಕೂತ್ಕೊಳ್ಳೋಕೆ ಬಂದೆ. ಅದಕ್ಕೇನಾದ್ರೂ ಕಾಲಂ ಇದೆಯಾ?”

“ಇಲ್ಲ.”

“ಹಾಗಾದ್ರೆ ಕೂತ್ಕೋತೀನಿ.”

ಕೂತರು. ಪೇಪರು ಬಿಡಿಸಿದರು. ಆಡಿಟರು ಜೇಬಿನಿಂದ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡು, ನನ್ನ ಕಡೆ ತಿರುಗಿ, ಅಷ್ಟು ಹೊತ್ತು ಅಲ್ಲಿದ್ದೇನೆಂದು ಆಗಷ್ಟೇ ಕಂಡವರಂತೆ, “ಬಿಲ್ ಪುಸ್ತಕ ಅಲ್ಲಿಟ್ಟು ಹೋಗಿ” ಎಂದರು. ಅದಾದ ಮೇಲೆ ಇನ್ನೂ ನಾಲ್ಕು ವರ್ಷ ಆ ಎರಡು ಹಾಳೆಗಳು ಹಾಗೆಯೇ ಹೋದವು. ಪ್ರತಿ ವರ್ಷವೂ ಬೆಂಚಿನ ಮೇಲೆ ಕೂತು ಓದಿಯೇ ಹೋದವು. ಸಂಜೆ ಐದಕ್ಕೆ ಕಿಟಕಿಯಿಂದ ನೋಡಿದರೆ ಫುಟ್‌ಪಾತಿನ ಎಡಗಡೆ ಖಾಲಿ ಇರುತ್ತಿರಲಿಲ್ಲ. ಜೊತೆಗಾರರ ಹೆಂಡತಿ ಎರಡನೆಯ ವರ್ಷ ಆಡಿಟರ ಜೊತೆ ಮತ್ತೆ ಮಾತು ಶುರುಮಾಡಿದರೆಂದು ಕೇಳಿದೆ.

ಸುಳ್ಳು ಹೇಳದ ಜನರನ್ನು ನಾನು ಬಹಳ ಕಂಡಿದ್ದೇನೆ, ಮತ್ತು ಅವರಲ್ಲಿ ಹೆಚ್ಚಿನವರು ನನಗೆ ಸೇರುವುದಿಲ್ಲ. ಅವರು ಸತ್ಯವನ್ನು ಹೇಳಿ, ಕೈ ತೊಳೆದುಕೊಂಡು, ಎದ್ದು ಹೋಗಿಬಿಡುತ್ತಾರೆ. ಕೇಳಿಸಿಕೊಂಡವನು ಆ ಸತ್ಯದ ಜೊತೆ ಒಬ್ಬನೇ ರಾತ್ರಿ ಕಳೆಯಬೇಕು. ಇನ್ನೊಂದು ಜಾತಿಯವರು ಅಪರೂಪ. ಇವರ ಮುಖದಲ್ಲಿ ತೇಜಸ್ಸಿರುವುದಿಲ್ಲ, ಆಯಾಸವಿರುತ್ತದೆ. ಕೋಟು ಒಂದು ಕಡೆ ಮಾಸಿ ಇನ್ನೊಂದು ಕಡೆ ಸವೆದಿರುತ್ತದೆ. ಹೇಳುವ ಮೊದಲು ಅದರ ಬೆಲೆಯನ್ನು ತಮ್ಮ ಪಾಲಿನಿಂದ ಕಟ್ಟಿರುತ್ತಾರೆ, ಹೇಳುವಾಗ ಪಕ್ಕದಲ್ಲೇ ಕೂತಿರುತ್ತಾರೆ, ಹೇಳಿದ ಮರುದಿನ ಬೆಳಿಗ್ಗೆ, ಬರುತ್ತಾನೋ ಇಲ್ಲವೋ ಎಂದು ತಿಳಿಯದೆ, ಇನ್ನೊಬ್ಬನ ಕುರ್ಚಿಯನ್ನು ಒರೆಸಿಟ್ಟು ಕಾಯುತ್ತಾರೆ.